ಜೋಳದ ನುಸಿ ಬೇರೆ, ತೊಗರಿಯ ನುಸಿ ಬೇರೆ: ಗುರುತಿಸಿ ಕಾಳು ಉಳಿಸಿಕೊಳ್ಳುವ ಬಗೆ

"ಅಕ್ಕಾ, ಜ್ವಾಳಕ್ಕೂ ನುಸಿ ಬಿದ್ದಾವು, ತೊಗರಿಗೂ ನುಸಿ ಬಿದ್ದಾವು. ಎರಡಕ್ಕೂ ಔಡಲೆಣ್ಣಿ ಹಚ್ಚಿ ಇಟ್ಟಿದ್ದೆ. ತೊಗರಿ ಛಲೋ ಉಳದಾವ, ಜ್ವಾಳ ಮಾತ್ರ ಹಿಟ್ಟಾಗಿ ಹೋತು ನೋಡ್ರಿ."

ಹೋದ ಮಳೆಗಾಲದಲ್ಲಿ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಹೀಗೆ ಹೇಳಿ ಒಂದು ಬೊಗಸೆ ಜೋಳವನ್ನು ನನ್ನ ಮುಂದೆ ಸುರಿದಳು. ಬೆರಳಲ್ಲಿ ಒತ್ತಿದರೆ ಕಾಳು ಪುಡಿಯಾಗುತ್ತಿತ್ತು. ಅವಳು ಮಾಡಿದ್ದರಲ್ಲಿ ಸೋಮಾರಿತನವೇನೂ ಇರಲಿಲ್ಲ. ನಮ್ಮ ಮಾತಿನಲ್ಲಿ ಕಾಳು ತಿನ್ನುವ ಪುಟ್ಟ ಹುಳಕ್ಕೆಲ್ಲ ಒಂದೇ ಹೆಸರು, ನುಸಿ. ಹೆಸರು ಒಂದೇ ಆದ್ದರಿಂದ ಮದ್ದೂ ಒಂದೇ ಎಂದುಕೊಂಡಳು. ಆದರೆ ಜೋಳದಲ್ಲಿದ್ದ ದುಂಬಿ ಒಂದು ಜಾತಿ, ತೊಗರಿಯಲ್ಲಿದ್ದದ್ದು ಇನ್ನೊಂದು. ಒಂದರ ಮೊಟ್ಟೆ ಕಾಳಿನ ಒಳಗಿರುತ್ತದೆ, ಇನ್ನೊಂದರದು ಕಾಳಿನ ಮೇಲೆ ಅಂಟಿರುತ್ತದೆ. ಎಣ್ಣೆ ಒಂದು ಕಡೆ ಕೆಲಸ ಮಾಡಿ ಇನ್ನೊಂದು ಕಡೆ ಸೋತದ್ದು ಈ ಕಾರಣಕ್ಕೆ.

ನಮ್ಮದು ತಾಳಿಕೋಟೆಯ ಕಡೆ, ಡೋಣಿ ದಂಡೆಯ ಕರಿನೆಲ. "ಡೋಣಿ ಹರಿದರೆ ಓಣೆಲ್ಲ ಕಾಳು" ಅನ್ನುವ ಮಾತು ಕೇಳುತ್ತ ಬೆಳೆದವರು ನಾವು. ಓಣಿಯ ತುಂಬ ಬಂದ ಕಾಳು ಮುಂದಿನ ರಾಶಿಯವರೆಗೆ ಬಾಳಬೇಕು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯಲ್ಲಿ ವರ್ಷದ ಜೋಳ, ತೊಗರಿ, ಕಡಲೆ, ಹೆಸರು ಮನೆಯಲ್ಲೇ ಇಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಬಿಳಿ ತಟ್ಟೆ

ಔಷಧದ ಮಾತು ಆಮೇಲೆ. ಚೀಲದ ಮೇಲೆ, ನಡುವೆ, ತಳದಲ್ಲಿ ಕೈಹಾಕಿ ಒಂದೊಂದು ಮುಷ್ಟಿ ಕಾಳು ತೆಗೆಯಿರಿ. ಮೇಲಿನದನ್ನಷ್ಟೇ ನೋಡಿ ಮೋಸಹೋಗುವುದು ಬಹಳ. ಬಿಳಿ ತಟ್ಟೆಯಲ್ಲಿ ಹರಡಿ, ಬಾಗಿಲ ಬಳಿ ಬೆಳಕಿಗೆ ಹಿಡಿಯಿರಿ. ಎರಡೂ ಹುಳುಗಳು ಮೂರು ಮಿಲಿಮೀಟರಿನ ಆಸುಪಾಸು, ಹಾಗಾಗಿ ಬರಿಗಣ್ಣಿಗೆ ಎರಡೂ ಕಂದು ಚುಕ್ಕೆಯೇ. ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೊ ತೆಗೆದು ಬೆರಳಲ್ಲಿ ಹಿಗ್ಗಿಸಿದರೆ ಸಾಕು, ಭೂತಗನ್ನಡಿ ಬೇಕಿಲ್ಲ.

ಮುಟ್ಟಿದೊಡನೆ ಹುಳು ಕಾಲು ಮಡಚಿ ಸತ್ತಂತೆ ಬಿದ್ದುಕೊಳ್ಳಬಹುದು. ಈ ನಾಟಕ ಎರಡಕ್ಕೂ ಗೊತ್ತು, ಆದ್ದರಿಂದ ಅದನ್ನು ಗುರುತಾಗಿ ಹಿಡಿಯಬೇಡಿ. ಒಂದೆರಡು ನಿಮಿಷ ಸುಮ್ಮನಿದ್ದರೆ ಎದ್ದು ನಡೆಯುತ್ತದೆ. ಆಗ ಮುಖ ನೋಡಿ.

ಜೋಳದ ನುಸಿಗೆ ಮುಖದ ಮುಂದೆ ಸೊಂಡಿಲಿದೆ. ಆನೆಯದರಂತೆ ಕೆಳಕ್ಕೆ ಬಾಗಿದ, ಗಟ್ಟಿಯಾದ ಸೊಂಡಿಲು. ತುದಿಯಲ್ಲಿ ಕಡಿಯುವ ಬಾಯಿ. ಮೈ ಉದ್ದನೆಯದು, ಕೆಂಪುಗಂದಿನಿಂದ ಕಪ್ಪಿನವರೆಗಿನ ಬಣ್ಣ. ಬೆನ್ನಿನ ರೆಕ್ಕೆಕವಚದ ಮೇಲೆ ಮಾಸಿದ ಹಳದಿಗೆಂಪಿನ ನಾಲ್ಕು ಮಚ್ಚೆ. ಕೃಷಿ ಇಲಾಖೆಯವರು ಇದನ್ನೇ ಸೊಂಡಿಲು ಕೀಟ ಅನ್ನುತ್ತಾರೆ. ಶಾಸ್ತ್ರದ ಹೆಸರು ಸೈಟೊಫೈಲಸ್ ಒರೈಜೆ. ಮೊದಲ ಪದಕ್ಕೆ ಕಾಳುಪ್ರಿಯ ಎಂದು ಅರ್ಥ, ಎರಡನೆಯದು ಭತ್ತದ್ದು. 1763ರಲ್ಲಿ ಲಿನೇಯಸ್ ಇಟ್ಟ ಹೆಸರಿನಲ್ಲಿ ಭತ್ತವಿದ್ದರೂ ಜೋಳ, ಗೋದಿ, ಗೋವಿನಜೋಳ ಯಾವುದನ್ನೂ ಇದು ಬಿಡುವುದಿಲ್ಲ.

ತೊಗರಿಯ ನುಸಿಗೆ ಸೊಂಡಿಲಿಲ್ಲ. ಗಿಡ್ಡ, ದಪ್ಪ, ಗುಜ್ಜಾರಿ ಮೈ. ತಲೆಯ ಕಡೆ ಕಿರಿದಾಗಿ ಹಿಂದಕ್ಕೆ ಅಗಲ. ಕಂದು ಮೈಮೇಲೆ ಬೂದುಬಣ್ಣದ ಸಣ್ಣ ಕೂದಲಿನ ತೇಪೆಗಳು. ಇದರ ರೆಕ್ಕೆಕವಚ ಮೋಟು, ಅಂಗಿ ಸಾಲದ ಕೂಸಿನ ಹಾಗೆ ಹಿಂಭಾಗದ ತುದಿ ಹೊರಗೆ ಕಾಣುತ್ತದೆ. ಕತ್ತಿನ ಹಿಂದೆ, ರೆಕ್ಕೆ ಶುರುವಾಗುವ ಮುನ್ನ, ದಂತದ ಬಣ್ಣದ ಎರಡು ಉಬ್ಬುಚುಕ್ಕೆಗಳಿವೆ. ಗಂಡಿನ ಮೀಸೆ ಬಾಚಣಿಕೆಯ ಹಲ್ಲಿನಂತೆ, ಹೆಣ್ಣಿನದು ಗರಗಸದಂತೆ. ಹೆಸರು ಕ್ಯಾಲೊಸೊಬ್ರುಕಸ್ ಚೈನೆನ್ಸಿಸ್. ಇದಕ್ಕೂ ಹೆಸರಿಟ್ಟವನು ಲಿನೇಯಸ್, 1758ರಲ್ಲಿ. ಹೆಸರಲ್ಲಿ ಚೀನಾ ಇದೆ, ಇರುವುದು ನಮ್ಮ ಅಟ್ಟದ ಮೇಲೂ. ಇದರ ದಾಯಾದಿ ಮ್ಯಾಕ್ಯುಲೇಟಸ್ ಎಂಬ ಇನ್ನೊಂದು ದುಂಬಿ ಅಲಸಂದಿ, ಹೆಸರಿನಲ್ಲಿ ಸಿಗುತ್ತದೆ. ರೆಕ್ಕೆಯ ಬದಿಗಳಲ್ಲಿ ಕಪ್ಪು ಮಚ್ಚೆ ಎದ್ದು ಕಾಣುತ್ತದೆ. ಅದಕ್ಕೂ ಉಪಾಯ ಇದೇ.

ಜೋಳದಲ್ಲಿ ಸೊಂಡಿಲಿಲ್ಲದ, ತಲೆ ಒಳಗೆಳೆದುಕೊಂಡಂತಿರುವ ಉರುಟು ಕಂದು ಹುಳು ಕಂಡರೆ ಅದು ಮೂರನೆಯ ಜಾತಿ, ಕಾಳು ಕೊರಕ. ಜೋಳದ ನುಸಿಗೆ ಮಾಡಿದ್ದನ್ನೇ ಅದಕ್ಕೂ ಮಾಡಿ.

ಹುಳು ಸಿಗದಿದ್ದರೆ ಕಾಳೇ ಹೇಳುತ್ತದೆ

ನನ್ನ ಅನುಭವದಲ್ಲಿ ಹುಳಕ್ಕಿಂತ ಕಾಳನ್ನು ಓದುವುದು ಮೇಲು. ಹುಳು ಕಂಡಾಗ ಒಂದು ತಲೆಮಾರು ಆಗಲೇ ಬೆಳೆದಿರುತ್ತದೆ. ಕಾಳು ಅದಕ್ಕೂ ಮೊದಲೇ ಸುಳಿವು ಕೊಡುತ್ತದೆ.

ಒಂದು ತೊಗರಿ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಿರುಗಿಸಿ. ಸಿಪ್ಪೆಯ ಮೇಲೆ ಗಸಗಸೆಗಿಂತ ಚಿಕ್ಕ ಬಿಳಿ ಚುಕ್ಕೆ ಅಂಟಿದೆಯೇ? ಉಗುರಲ್ಲಿ ಕೆರೆದರೂ ಬೇಗ ಬಿಡುವುದಿಲ್ಲ. ಅದು ಮೊಟ್ಟೆ. ಹೊಸ ಮೊಟ್ಟೆ ನೀರ ಹನಿಯಂತೆ ಪಾರದರ್ಶಕ. ನಾಲ್ಕಾರು ದಿನಕ್ಕೆ ಮರಿ ಹೊರಬರುತ್ತದೆ, ಅಂದರೆ ಹೊರಗೆ ಬರುವುದೇ ಇಲ್ಲ. ಮೊಟ್ಟೆಯ ತಳವನ್ನೇ ಕೊರೆದು ನೆಟ್ಟಗೆ ಕಾಳಿನೊಳಕ್ಕೆ ಇಳಿಯುತ್ತದೆ. ಕೊರೆದ ಪುಡಿಯೆಲ್ಲ ಹಿಂದಿನ ಖಾಲಿ ಚಿಪ್ಪಿನಲ್ಲಿ ತುಂಬುವುದರಿಂದ ಅದು ಬೆಳ್ಳಗಾಗುತ್ತದೆ. ಆದ್ದರಿಂದ ಅಚ್ಚ ಬಿಳಿ ಚುಕ್ಕೆ ಕಂಡರೆ ಮರಿ ಒಳಸೇರಿದೆ ಎಂದೇ ತಿಳಿಯಿರಿ. ಒಳಗೆ ಬೇಳೆ ತಿಂದು ಬೆಳೆದ ಮರಿ ಕೋಶವಾಗುವ ಮುನ್ನ ಸಿಪ್ಪೆಯವರೆಗೆ ಕೊರೆದು, ಸಿಪ್ಪೆಯೊಂದನ್ನು ಬಿಟ್ಟು ನಿಲ್ಲಿಸುತ್ತದೆ. ಬೆಳಕಿಗೆ ಹಿಡಿದರೆ ಆ ಜಾಗ ಮಬ್ಬು ಕಿಟಕಿಯಂತೆ ದುಂಡಗೆ ಕಾಣುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನಾನು ಕಾಳು ಕೆಳಗಿಡಲಾರದೆ ಕೂತಿದ್ದೆ. ಕಿಟಕಿಯ ಹಿಂದೆ ಏನೋ ಅಲುಗಿತು, ಮರುದಿನ ಬೆಳಗ್ಗೆ ಮುಚ್ಚಳ ತೆಗೆದಂತೆ ಆ ಸಿಪ್ಪೆ ಎದ್ದು ಕಂಪಾಸಿನಲ್ಲಿ ಎಳೆದಂಥ ದುಂಡು ರಂಧ್ರ ಉಳಿದಿತ್ತು. ಕಡಲೆಯಂಥ ದಪ್ಪ ಕಾಳಿನಲ್ಲಿ ಇಂಥ ಎರಡು ಮೂರು ರಂಧ್ರ ಇರುವುದುಂಟು.

ಜೋಳದಲ್ಲಿ ಈ ಚುಕ್ಕೆ ಹುಡುಕಿದರೆ ಸಿಗದು. ಹೆಣ್ಣು ಸೊಂಡಿಲಿನಿಂದ ಕಾಳಿಗೆ ಚಿಕ್ಕ ಕುಳಿ ತೋಡಿ, ಒಳಗೆ ಒಂದು ಮೊಟ್ಟೆ ಇಟ್ಟು, ಅಂಟಿನಂಥ ದ್ರವದಿಂದ ಬಾಯಿ ಮುಚ್ಚಿಬಿಡುತ್ತದೆ. ಹೊರಗಿನಿಂದ ಕಾಳು ಆರೋಗ್ಯವಾಗಿಯೇ ಕಾಣುತ್ತದೆ. ಕಾಲಿಲ್ಲದ ಬಿಳಿ ಮರಿ ಒಳಗೇ ಬೆಳೆದು, ಕೋಶವಾಗಿ, ಕೊನೆಗೆ ಅಂಚು ಹರಿದಂಥ ತೂತು ಮಾಡಿ ಹೊರಬೀಳುತ್ತದೆ. ಮೊದಲ ಸುಳಿವು ಬೇರೆ: ಚೀಲದ ತಳದಲ್ಲಿ ಬಿಳಿ ಹಿಟ್ಟು, ಒಳಗೆ ಕೈಹಾಕಿದಾಗ ನಡುವೆ ಬೆಚ್ಚಗಿನ ಜಾಗ. ಸಾವಿರಾರು ಹುಳುಗಳ ಉಸಿರಿನ ಶಾಖ ಅದು. ಅನುಮಾನವಿದ್ದರೆ ಒಂದು ಮುಷ್ಟಿ ಜೋಳ ನೀರಿಗೆ ಹಾಕಿ ಕಲಕಿ, ಪೊಳ್ಳಾದವು ತೇಲುತ್ತವೆ. ತೇಲಿದವುಗಳಲ್ಲಿ ಹತ್ತನ್ನು ಉಗುರಲ್ಲಿ ಸೀಳಿ ನೋಡಿ.

ಎರಡರ ಬದುಕು

ಇದನ್ನು ತಿಳಿದರೆ ಮುಂದಿನ ಹೆಜ್ಜೆಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ತೊಗರಿಯ ನುಸಿ ದೊಡ್ಡದಾದ ಮೇಲೆ ಕಾಳು ತಿನ್ನುವುದಿಲ್ಲ. ಸುಮಾರು ಎಂಟರಿಂದ ಹನ್ನೆರಡು ದಿನ ಬದುಕುತ್ತದೆ. ಆ ಅವಧಿಯಲ್ಲಿ ಕೂಡುವುದು, ಕಾಳು ಹುಡುಕುವುದು, ಮೊಟ್ಟೆ ಅಂಟಿಸುವುದು, ಇಷ್ಟೇ ಕೆಲಸ. ಒಂದು ಹೆಣ್ಣು 80ರಷ್ಟು ಮೊಟ್ಟೆ ಇಡಬಲ್ಲದು. ನಮ್ಮ ಬೇಸಿಗೆಯಂಥ ಬಿಸಿಯಲ್ಲಿ ಮೊಟ್ಟೆಯಿಂದ ದುಂಬಿಯಾಗಲು ತಿಂಗಳೊಳಗೆ ಮುಗಿಯುತ್ತದೆ. ಲೆಕ್ಕ ಹಾಕಿ: ಒಂದು ಜೋಡಿಯಿಂದ 80, ಅದರಲ್ಲಿ ಅರ್ಧ ಹೆಣ್ಣಾದರೆ ಮುಂದಿನ ತಿಂಗಳು 3,200, ಅದರ ಮುಂದಿನ ತಿಂಗಳು 1,28,000. ಎಲ್ಲವೂ ಬದುಕುವುದಿಲ್ಲ ನಿಜ. ಆದರೂ ಜನವರಿಯಲ್ಲಿ ಚೆನ್ನಾಗಿದ್ದ ತೊಗರಿ ಏಪ್ರಿಲ್‌ನಲ್ಲಿ ಜರಡಿಯಂತಾಗುವುದು ಹೀಗೆ.

ಇನ್ನೊಂದು ಮಾತು. ಈ ದುಂಬಿ ಚೆನ್ನಾಗಿ ಹಾರುತ್ತದೆ, ಹೊಲದಲ್ಲಿ ಒಣಗಿ ನಿಂತ ಕಾಯಿಯ ಮೇಲೇ ಮೊಟ್ಟೆ ಇಡುತ್ತದೆ. ನೀವು ಮನೆಯನ್ನು ಎಷ್ಟೇ ಬಳಿದು ಸಾರಿಸಿರಿ, ಅದು ರಾಶಿಯ ಜತೆಗೇ ಮನೆ ಹೊಗುತ್ತದೆ.

ಜೋಳದ ನುಸಿ ಹಾಗಲ್ಲ. ದೊಡ್ಡದಾದ ಮೇಲೂ ತಿನ್ನುತ್ತದೆ, ನಾಲ್ಕೈದು ತಿಂಗಳು ಬದುಕುತ್ತದೆ, ಮೊಟ್ಟೆಗಳನ್ನು ನಿಧಾನವಾಗಿ ಇಡುತ್ತ ಹೋಗುತ್ತದೆ. ಅದರ ಹೆಚ್ಚಿನ ಬಾಧೆ ಮನೆಯಿಂದಲೇ ಶುರು: ಹಳೆ ಗೋಣಿಚೀಲದ ಹೊಲಿಗೆ, ಗೋಡೆಯ ಬಿರುಕು, ಡ್ರಮ್ಮಿನ ತಳದಲ್ಲಿ ಉಳಿದ ಹೋದ ವರ್ಷದ ನಾಲ್ಕು ಕಾಳು. ಅದಕ್ಕೆ ತೇವವೂ ಬೇಕು. ಕಾಳಿನ ತೇವಾಂಶ ಶೇಕಡಾ 9-10ಕ್ಕಿಂತ ಕೆಳಗಿಳಿದರೆ ಅದು ವಂಶ ಬೆಳೆಸಲು ಒದ್ದಾಡುತ್ತದೆ, ಶೇ. 14ರ ಸುಮಾರಿಗೆ ಹಬ್ಬ.

ಜೋಳಕ್ಕೆ ಏನು ಮಾಡಬೇಕು

ಫೆಬ್ರುವರಿ, ಮಾರ್ಚಿನಲ್ಲಿ ಬಿಳಿಜೋಳದ ರಾಶಿ ಬರುವ ವಾರ ಮೊದಲೇ ಇಡುವ ಜಾಗಕ್ಕೆ ಕೈಹಾಕಿ. ಹಳೆ ಕಾಳು ಪೂರ್ತಿ ಗುಡಿಸಿ ಮನೆಯಿಂದ ದೂರ ಒಯ್ಯಿರಿ, ಬಿರುಕು ಮೆತ್ತಿ, ಗೋಣಿಚೀಲಗಳನ್ನು ಕುದಿನೀರಲ್ಲಿ ಅದ್ದಿ ಬಿಸಿಲಿಗೆ ಒಣಗಿಸಿ. ಹೊಸ ಜೋಳವನ್ನು ಹಳೆ ಜೋಳದ ಮೇಲೆ ಎಂದೂ ಸುರಿಯಬೇಡಿ. ಜೋಳ ಕೆಟ್ಟ ಮನೆಗಳಲ್ಲಿ ವಿಚಾರಿಸಿದಾಗ ಹೆಚ್ಚಿನ ಸಲ ನನಗೆ ಸಿಕ್ಕ ಕಾರಣ ಇದೇ.

ಆಮೇಲೆ ಒಣಗಿಸುವುದು. ತಾಡಪತ್ರಿಯ ಮೇಲೆ ತೆಳುವಾಗಿ ಹರಡಿ, ಆಗಾಗ ಕಾಲಲ್ಲಿ ಸಾಲು ಎಳೆದು ತಿರುಗಿಸಿ, ಎರಡು ಮೂರು ದಿನ. ಕಾಳನ್ನು ಹಲ್ಲಲ್ಲಿ ಕಡಿದರೆ ಕಟ್ಟನೆ ಸೀಳಬೇಕು. ಮೆತ್ತಗೆ ಅಮುಕಿದರೆ ಇನ್ನೂ ಹಸಿ. ಉಪ್ಪಿನ ಪರೀಕ್ಷೆಯೂ ಇದೆ. ಒಣಗಿದ ಗಾಜಿನ ಬಾಟಲಿಗೆ ಬಾಣಲೆಯಲ್ಲಿ ಹುರಿದು ಆರಿಸಿದ ಉಪ್ಪು ಎರಡು ಚಮಚ ಹಾಕಿ, ಮೂರರಲ್ಲೊಂದು ಪಾಲು ಜೋಳ ತುಂಬಿ, ಮುಚ್ಚಿ ಒಂದು ನಿಮಿಷ ಅಲ್ಲಾಡಿಸಿ, ಹತ್ತು ಹದಿನೈದು ನಿಮಿಷ ಇಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ಶೇ. 15ಕ್ಕಿಂತ ಮೇಲಿದೆ, ಅಂಥ ಜೋಳ ಒಳಗಿಡುವಂತಿಲ್ಲ. ಅಂಟದಿದ್ದರೂ ಹಲ್ಲಿನ ಪರೀಕ್ಷೆ ಬಿಡಬೇಡಿ, ನಮಗೆ ಬೇಕಾದದ್ದು ಶೇ. 12ಕ್ಕಿಂತ ಕಡಿಮೆ.

ಬಿಸಿಲಿಗೆ ಹಾಕಿದಾಗ ದೊಡ್ಡ ನುಸಿಗಳು ಸಾಲುಗಟ್ಟಿ ನೆರಳಿಗೆ ಓಡುತ್ತವೆ. ಅಂಗಳದ ಗೋಡೆಯ ಬುಡದಲ್ಲಿ ಒಣಗಿಸಿದರೆ ಗೋಡೆ ಹತ್ತಿ ಸಂಜೆಗೆ ಮತ್ತೆ ಮನೆಯೊಳಗೆ. ಹಾಗಾಗಿ ಕಣದಲ್ಲಿ, ಇಲ್ಲವೇ ತಾರಸಿಯ ನಡುವೆ ಹರಡಿ. ಓಡಿಹೋದವು ದೊಡ್ಡವು ಮಾತ್ರ ಎಂಬುದು ನೆನಪಿರಲಿ, ಕಾಳಿನೊಳಗಿನ ಮರಿಗಳು ಅಲ್ಲೇ ಇವೆ. ಮೂರು ವಾರಕ್ಕೆ ಅವು ಹೊರಬರುವ ಹೊತ್ತಿಗೆ ಇನ್ನೊಮ್ಮೆ ಬಿಸಿಲು, ಇನ್ನೊಮ್ಮೆ ಜರಡಿ ಆಗಲೇಬೇಕು.

ತುಂಬುವ ಮುನ್ನ ಕಾಳು ಪೂರ್ತಿ ಆರಲಿ. ಒಂದು ವರ್ಷ ನಾನು ಮಳೆಮೋಡ ನೋಡಿ ಗಾಬರಿಯಾಗಿ, ಸಂಜೆ ನಾಲ್ಕಕ್ಕೆ ಬಿಸಿಬಿಸಿ ಜೋಳವನ್ನೇ ಡ್ರಮ್ಮಿಗೆ ಸುರಿದು ಮುಚ್ಚಳ ಹಾಕಿದೆ. ರಾತ್ರಿ ತಂಪಿಗೆ ತಗಡಿನ ಒಳಮೈ ಬೆವರಿತು. ವಾರ ಬಿಟ್ಟು ತೆಗೆದರೆ ಮೇಲಿನ ನಾಲ್ಕು ಬೆರಳು ಜೋಳ ಮುಗ್ಗಲು ಹಿಡಿದು ಹೆಪ್ಪುಗಟ್ಟಿತ್ತು. ಅಂದಿನಿಂದ ರಾತ್ರಿಯೆಲ್ಲ ಸೂರಿನ ಕೆಳಗೆ ಹರಡಿಟ್ಟು ಮರುದಿನ ಬೆಳಗ್ಗೆ ತುಂಬುತ್ತೇನೆ.

ತುಂಬುವಾಗ ಗಾಳಿಗೆ ಜಾಗ ಬಿಡಬೇಡಿ. ಹಗೇವಿನ ಗುಟ್ಟು ಇದೇ. ನೆಲದಡಿ ತೋಡಿದ ಗುಂಡಿಗೆ ಕಣಿಕೆ, ಹುಲ್ಲಿನ ಹೊದಿಕೆ ಕಟ್ಟಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿದ ಮೇಲೆ ಒಳಗಿನ ಆಮ್ಲಜನಕವನ್ನು ಕಾಳೂ ಹುಳುವೂ ಉಸಿರಾಡಿ ಮುಗಿಸುತ್ತವೆ, ಹುಳು ತಾನೇ ಸಾಯುತ್ತದೆ. ಅಲ್ಲಿ ಉಳಿಯುವ ಇಂಗಾಲದ ಡೈಆಕ್ಸೈಡ್ ಮನುಷ್ಯರನ್ನೂ ಬಿಡದು. ಹಳಬರು ಹಗೇವು ತೆರೆದ ದಿನ ಯಾರನ್ನೂ ಇಳಿಸುತ್ತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು, ಆರದೆ ಉರಿದರಷ್ಟೇ ಮನುಷ್ಯರು. ಈಗಲೂ ಹಗೇವು ಇರುವವರು ಬಾಯಿ ತೆಗೆದು ಒಂದಿಡೀ ದಿನ ಗಾಳಿಯಾಡಲು ಬಿಡಿ, ಒಬ್ಬರೇ ಇಳಿಯಬೇಡಿ.

ಹಗೇವು ಇಲ್ಲದವರಿಗೆ ಗಾಳಿಯಾಡದ ಮೂರು ಪದರಿನ ಚೀಲ ಬಂದಿದೆ. ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಪದರು, ಹೊರಗೆ ನೇಯ್ದ ಚೀಲ. ಕಂಠದವರೆಗೆ ತುಂಬಿ, ಗಾಳಿ ಹಿಂಡಿ, ಒಂದೊಂದು ಪದರನ್ನೂ ಬೇರೆ ಬೇರೆಯಾಗಿ ತಿರುಚಿ ಕಟ್ಟಬೇಕು. ತಿಂಗಳು ತೆಗೆಯಬಾರದು. ದಿನಾ ರೊಟ್ಟಿಗೆ ಬೇಕಾದ ಜೋಳ ಬೇರೆ ಡಬ್ಬಿಯಲ್ಲಿರಲಿ. ದಿನಕ್ಕೊಮ್ಮೆ ಬಾಯಿ ಬಿಚ್ಚುವ ಚೀಲ ಗೋಣಿಚೀಲಕ್ಕೆ ಸಮ.

ಎಣ್ಣೆ ಜೋಳಕ್ಕೆ ಬೇಡ. ಮೊಟ್ಟೆ ಒಳಗಿರುವುದರಿಂದ ಎಣ್ಣೆ ಅದನ್ನು ಸರಿಯಾಗಿ ಮುಟ್ಟದು, ಬೀಸಿದ ಹಿಟ್ಟು ಮಾತ್ರ ಕಮಟು ಹೊಡೆಯುತ್ತದೆ. ನುಸಿ ಹತ್ತಿದ ಜೋಳವನ್ನು ಬೇಗ ಬೀಸಿಟ್ಟುಕೊಳ್ಳುವುದೂ ಪರಿಹಾರವಲ್ಲ, ಹಿಟ್ಟಿಗೆ ಅದರದೇ ಬೇರೆ ಹುಳುವಿದೆ.

ತೊಗರಿ, ಕಡಲೆ, ಹೆಸರಿಗೆ

ಇಲ್ಲಿ ಹೊತ್ತು ಮುಖ್ಯ. ತೊಗರಿ ಡಿಸೆಂಬರ್, ಜನವರಿಯಲ್ಲಿ ಬರುತ್ತದೆ. ಕಾಯಿ ಒಣಗಿದ ಮೇಲೆ ಹೊಲದಲ್ಲಿ ಬಿಡಬೇಡಿ, ಮನೆಗೆ ಬಂದ ಮೊದಲ ವಾರದಲ್ಲೇ ಮುಂದಿನ ಕೆಲಸ ಮುಗಿಸಿ. ಮೊಟ್ಟೆ ಆಗಲೇ ಮೇಲಿರುತ್ತದೆ.

ಮೊದಲು ಶಾಖ ಕೊಡಿ. ಕಪ್ಪು ತಾಡಪತ್ರಿಯ ಮೇಲೆ ಕಾಳನ್ನು ಒಂದು ಬೆರಳಿನಷ್ಟು ತೆಳುವಾಗಿ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಸುತ್ತಲೂ ಕಲ್ಲಿಡಿ. ಹನ್ನೆರಡರಿಂದ ಮೂರರವರೆಗೆ ಬಿಡಿ. ಹೊದಿಕೆಯ ಕೆಳಗೆ ಬಿಸಿ 57 ಡಿಗ್ರಿ ದಾಟಿ ಒಂದು ತಾಸು ನಿಂತರೆ ಮೊಟ್ಟೆ, ಮರಿ, ಕೋಶ, ದುಂಬಿ ಯಾವುದೂ ಉಳಿಯದು. ಬರಿ ಬಿಸಿಲಿಗೆ ಅಷ್ಟು ಕಾಯುವುದಿಲ್ಲ, ಅದಕ್ಕೇ ಮೇಲಿನ ಹೊದಿಕೆ. ಜನವರಿಯ ಎಳೆ ಬಿಸಿಲಾದರೆ ಎರಡು ಮಧ್ಯಾಹ್ನ ಮಾಡಿ, ಮಾರ್ಚ್ ಏಪ್ರಿಲ್‌ನಲ್ಲಿ ಇನ್ನೊಮ್ಮೆ. ಬಿತ್ತನೆಯ ಬೀಜಕ್ಕೆ ಈ ಶಾಖ ಕೊಡುವುದಾದರೆ ಕಾಳು ಚೆನ್ನಾಗಿ ಒಣಗಿರಲಿ. ಆಮೇಲೆ ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿ ನೋಡಿ.

ಆರಿದ ಮೇಲೆ ಎಣ್ಣೆ. ಒಂದು ಕಿಲೋ ಕಾಳಿಗೆ 5 ಮಿಲಿಲೀಟರ್, ಅಂದರೆ ಒಂದು ಚಿಕ್ಕ ಚಮಚ. ಹತ್ತು ಕಿಲೋಗೆ 50. ತಿನ್ನುವ ಕಾಳಿಗೆ ಔಡಲೆಣ್ಣಿ ಇಲ್ಲವೇ ಸೇಂಗಾ ಎಣ್ಣೆ, ಬೀಜಕ್ಕೆ ಬೇವಿನೆಣ್ಣೆಯೂ ಆಗುತ್ತದೆ. ಅಗಲ ಪರಾತದಲ್ಲಿ ಐದೈದು ಕಿಲೋ ಹಾಕಿ ಎರಡೂ ಅಂಗೈಯಲ್ಲಿ ಉಜ್ಜಿ ಉಜ್ಜಿ ತಿರುವಬೇಕು. ಪ್ರತಿ ಕಾಳಿಗೂ ಹೊಳಪು ಬರುವವರೆಗೆ. ತುದಿಗೆ ಸುರಿದು ಕೈಯಾಡಿಸಿದರೆ ಅರ್ಧ ಕಾಳು ಒಣಗಿಯೇ ಉಳಿಯುತ್ತದೆ, ಆ ಅರ್ಧಕ್ಕೇ ದುಂಬಿ ಹೋಗುತ್ತದೆ. ಎಣ್ಣೆಯ ಪದರು ಮೊಟ್ಟೆಗೆ ಉಸಿರು ಕಟ್ಟಿಸುತ್ತದೆ, ಹೊಸ ಮೊಟ್ಟೆ ಗಟ್ಟಿಯಾಗಿ ಅಂಟಲೂ ಬಿಡುವುದಿಲ್ಲ. ಒಳಹೊಕ್ಕ ಮರಿಗೆ ಎಣ್ಣೆ ತಲುಪದು, ಅದಕ್ಕೇ ಶಾಖ ಮೊದಲು, ಎಣ್ಣೆ ನಂತರ.

ಬೀಜಕ್ಕೆ ಬೂದಿಯೂ ಒಳ್ಳೆಯದು. ಕುಳ್ಳಿನ ಬೂದಿಯನ್ನು ಪೂರ್ತಿ ಆರಿಸಿ, ಬಟ್ಟೆಯಲ್ಲಿ ಸೋಸಿ, ಧಾರಾಳವಾಗಿ ಬೆರೆಸಿ, ಮೇಲೆ ಎರಡು ಬೆರಳು ದಪ್ಪ ಬೂದಿಯ ಪದರು ಹಾಕಿ. ಕಾಳುಗಳ ನಡುವಿನ ಸಂದು ಮುಚ್ಚಿಹೋಗಿ ದುಂಬಿಗಳಿಗೆ ಓಡಾಡಲು, ಕೂಡಲು ದಾರಿ ಸಿಗುವುದಿಲ್ಲ. ನಮ್ಮವ್ವ ತೊಗರಿಗೆ ಕೆಮ್ಮಣ್ಣಿನ ರಾಡಿ ಬಳಿದು ಒಣಗಿಸಿಡುತ್ತಿದ್ದಳು, ಅದರಿಂದಲೂ ಕಾಳಿನ ಮೈ ಮುಚ್ಚುತ್ತದೆ. ಬೇವಿನ ಎಲೆಯೊಂದನ್ನೇ ನಂಬಿ ಕೂರಲು ನನಗೆ ಧೈರ್ಯವಿಲ್ಲ. ಹಾಕುವುದಾದರೆ ಗರಿಗರಿ ಒಣಗಿದ್ದನ್ನು ಹಾಕಿ, ಹಸಿ ಎಲೆ ತೇವ ತರುತ್ತದೆ.

ವರ್ಷದ ಊಟಕ್ಕೆಂದೇ ಇಟ್ಟ ತೊಗರಿಯನ್ನು ಬೇಗ ಬೇಳೆ ಮಾಡಿಸಿಬಿಡುವುದು ಎಲ್ಲಕ್ಕಿಂತ ನಿಶ್ಚಿಂತೆ. ಈ ದುಂಬಿಗೆ ಇಡಿ ಕಾಳಿನ ನುಣುಪು ಸಿಪ್ಪೆಯೇ ಇಷ್ಟ. ಸಿಪ್ಪೆ ಹೋದ ಬೇಳೆಗೆ ಅಪರೂಪಕ್ಕೆ ಬರುತ್ತದೆ. ಅಡಿಗೆಮನೆಯ ಎರಡು ಕಿಲೋ ಹೆಸರು, ಮಡಕಿ ಕಾಳಿಗಂತೂ ಫ್ರಿಜ್ಜಿನ ಫ್ರೀಜರ್ ಸಾಕು: ಗಟ್ಟಿ ಕಟ್ಟಿದ ಚೀಲದಲ್ಲಿ ಒಂದು ವಾರ. ಹೊರತೆಗೆದ ಮೇಲೆ ಚೀಲದ ಹೊರಗಿನ ಬೆವರು ಆರುವವರೆಗೆ ಬಾಯಿ ಬಿಚ್ಚಬೇಡಿ.

ಮಾತ್ರೆಯ ವಿಷಯ

ಇದನ್ನು ಕೈಮುಗಿದು ಹೇಳುತ್ತೇನೆ. ಕಾಳಿನ ಚೀಲದಲ್ಲಿಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಜನ ಮಲಗುವ ಮನೆಗೆ ತರಬೇಡಿ. ಗಾಳಿಯ ತೇವ ತಾಗಿದೊಡನೆ ಅದು ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ನಮ್ಮ ಮನೆಗಳಲ್ಲಿ ಕಾಳು ಇಡುವ ಕೋಣೆ, ಮಕ್ಕಳು ಮಲಗುವ ಕೋಣೆ ಬಹುತೇಕ ಒಂದೇ. ಅದು ತರಬೇತಾದವರು ಗೋದಾಮಿನಲ್ಲಿ ಬಳಸುವ ವಸ್ತು. ಬಾಧೆ ಕೈಮೀರಿದ್ದರೆ ಒಂದು ಡಬ್ಬಿ ಮಾದರಿ ಕಾಳು ಹಿಡಿದುಕೊಂಡು ವಿಜಯಪುರದ ಹಿಟ್ಟಿನಹಳ್ಳಿ ಫಾರ್ಮಿಗೋ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಹೋಗಿ. ಹುಳುವಿರುವ ಕಾಳನ್ನೇ ಒಯ್ಯಿರಿ. "ನುಸಿ ಬಿದ್ದಾವ್ರಿ" ಎಂದಷ್ಟೇ ಹೇಳಿದರೆ ಅವರಿಗೂ ಯಾವ ನುಸಿ ಎಂದು ತಿಳಿಯದು.

ತುಂಬಿಟ್ಟ ಮೇಲೆ

ಡ್ರಮ್ಮಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ತುಂಬಿದ ದಿನಾಂಕ ಬರೆಯಿರಿ. ತೊಗರಿ, ಕಡಲೆಯನ್ನು ಹದಿನೈದು ದಿನಕ್ಕೊಮ್ಮೆ ಬಿಳಿ ತಟ್ಟೆಗೆ ಹಾಕಿ ಚುಕ್ಕೆ ಎಣಿಸಿ. ನೂರು ಕಾಳಿನಲ್ಲಿ ನಾಲ್ಕೈದು ಬಿಳಿ ಚುಕ್ಕೆ ಕಂಡರೂ ಅಂದೇ ಮತ್ತೆ ಬಿಸಿಲು. ಚೀಲದಲ್ಲಿ ಕಟ್ಟಿದ್ದು ಬಿಟ್ಟು ಉಳಿದ ಜೋಳಕ್ಕೆ ಮೂರು ವಾರಕ್ಕೊಮ್ಮೆ ಕೈಹಾಕಿ ಬಿಸಿ ನೋಡಿ. ಜೂನ್‌ನಲ್ಲಿ ಮಿರಗದ ಮಳೆ ಬಿದ್ದು ಗಾಳಿ ಹಸಿಯಾದ ಮೇಲೆ ಇದನ್ನು ವಾರಕ್ಕೊಮ್ಮೆ ಮಾಡಿ. ಆ ಹೆಣ್ಣುಮಗಳ ಮನೆಯಲ್ಲಿ ಈ ಸಲ ಎರಡು ಡ್ರಮ್ಮಿನ ಮೇಲೆ ಎರಡು ಬೇರೆ ಹೆಸರಿವೆ: ಒಂದರ ಮೇಲೆ "ಸೊಂಡಿಲಿಂದು", ಇನ್ನೊಂದರ ಮೇಲೆ "ಚುಕ್ಕಿದು".